ಲೋಹವಿಷಕ್ಕೆ ಜಗ್ಗದ ಯೀಸ್ಟು

ಅಡಕೆಯ ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣ ಕೂಡಿದ ಬೋರ್ಡೋ ದ್ರಾವಣವನ್ನು ಸಿಂಪಡಿಸುವುದು ಮಲೆನಾಡಿನ ಕೃಷಿಕರೆಲ್ಲ ಬಲ್ಲ ವಿಷಯ. ಈ ಮದ್ದು ಬಳಕೆಗೆ ಬಂದುದು 1880ರ ದಶಕದಲ್ಲಿ, ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ. ಅದರಲ್ಲಿರುವ ತಾಮ್ರವು ರೋಗಕಾರಕ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ. ಆದರೆ ದ್ರಾಕ್ಷಾರಸವನ್ನು ಹುದುಗಿಸುವ ಯೀಸ್ಟುಗಳಲ್ಲಿ ಕೆಲವು ತಳಿಗಳು ಈ ತಾಮ್ರಕ್ಕೂ ಜಗ್ಗದೆ ಬದುಕುತ್ತವೆ. ಒಂದೇ ಕೋಶದ ಈ ಅಲ್ಪಜೀವಿಗೆ ಇಂಥ ಶಕ್ತಿ ಎಲ್ಲಿಂದ ಬಂದಿತು?

ಎಷ್ಟೋ ವಿಷಗಳನ್ನು ಜೀವಕೋಶವು ಒಡೆದು ನಿರಪಾಯಗೊಳಿಸಬಲ್ಲದು. ಲೋಹವಾದರೋ ಮೂಲಧಾತು, ಅದನ್ನು ಒಡೆಯುವಂತಿಲ್ಲ. ತಾಮ್ರವನ್ನು ಪೂರ್ತಿಯಾಗಿ ಹೊರಗಿಡುವಂತೆಯೂ ಇಲ್ಲ. ಉಸಿರಾಟದ ಕಿಣ್ವಗಳಿಗೆ ಅದು ಅತ್ಯಲ್ಪ ಪ್ರಮಾಣದಲ್ಲಿ ಬೇಕೇ ಬೇಕು. ಆದುದರಿಂದ ಹೆಚ್ಚಾದುದನ್ನು ಹಿಡಿದು ಕಟ್ಟಿಹಾಕುವುದೇ ಯೀಸ್ಟಿನ ಮುಖ್ಯ ಉಪಾಯ.

ಕೋಶದಲ್ಲಿ ತಾಮ್ರವು ಏರಿದೊಡನೆ ಏಸ್1 ಎಂಬ ಪ್ರೋಟೀನು ಅದನ್ನು ಗುರುತಿಸಿ, ಕಪ್1 ಎಂಬ ಜೀನನ್ನು ಎಚ್ಚರಿಸುತ್ತದೆ. ಆಗ ಮೆಟಲೋಥಯೊನೀನ್ ಎಂಬ ಪುಟ್ಟ ಪ್ರೋಟೀನು ತಯಾರಾಗುತ್ತದೆ. ಅದರ 53 ಅಮೈನೊ ಆಮ್ಲಗಳಲ್ಲಿ 12 ಗಂಧಕವುಳ್ಳ ಸಿಸ್ಟೀನುಗಳು. ಗಂಧಕದೊಡನೆ ತಾಮ್ರಕ್ಕೆ ಬಲವಾದ ನಂಟು. ಹೀಗಾಗಿ ತಾಮ್ರದ ಅಯಾನುಗಳು ಅಲ್ಲಿ ಸಿಕ್ಕಿಬೀಳುತ್ತವೆ. ತಾಮ್ರವನ್ನು ಚೆನ್ನಾಗಿ ತಾಳುವ ತಳಿಗಳಲ್ಲಿ ಕಪ್1 ಜೀನಿನ ಹತ್ತಕ್ಕೂ ಹೆಚ್ಚು ಪ್ರತಿಗಳು ಸಾಲಾಗಿರುವುದುಂಟು.

ಕ್ಯಾಡ್ಮಿಯಂ ಲೋಹಕ್ಕೆ ಬೇರೊಂದು ಏರ್ಪಾಡಿದೆ. ಅದರ ಒಂದೊಂದು ಅಯಾನನ್ನೂ ಗ್ಲುಟಥಯೋನ್ ಎಂಬ ಗಂಧಕಯುಕ್ತ ವಸ್ತುವಿನ ಎರಡೆರಡು ಅಣುಗಳು ಹಿಡಿಯುತ್ತವೆ. ಕೋಶದೊಳಗೆ ರಸದಾನಿಯೆಂಬ ಚೀಲವಿದೆಯಷ್ಟೆ. ಅದರ ಪೊರೆಯಲ್ಲಿರುವ ವೈಸಿಎಫ್1 ಎಂಬ ಪ್ರೋಟೀನು ಪಂಪಿನಂತೆ ದುಡಿದು, ಹೀಗೆ ಸೆರೆಸಿಕ್ಕ ಲೋಹವನ್ನು ಒಳಕ್ಕೆ ನೂಕುತ್ತದೆ. ಈ ಪಂಪಿಲ್ಲದ ಯೀಸ್ಟು ಅಲ್ಪ ಕ್ಯಾಡ್ಮಿಯಮ್ಮಿಗೂ ಸೊರಗುತ್ತದೆ. ಅಂಥ ಯೀಸ್ಟಿಗೆ ಮನುಷ್ಯನ ಎಂಆರ್‌ಪಿ1 ಜೀನನ್ನು ಸೇರಿಸಿದಾಗ ಅದು ಮತ್ತೆ ವಿಷವನ್ನು ತಾಳಿಕೊಂಡಿತು! ಯೀಸ್ಟಿಗೂ ನಮಗೂ ಇರುವ ನಂಟು ಅಷ್ಟು ಹತ್ತಿರದ್ದು.

ಮೆಟಲೋಥಯೊನೀನ್ ವರ್ಗದ ಪ್ರೋಟೀನು ಮೊದಲು ದೊರೆತುದು 1957ರಲ್ಲಿ, ಕುದುರೆಯ ಮೂತ್ರಪಿಂಡದಲ್ಲಿ. ನಮ್ಮ ಮೂತ್ರಪಿಂಡದಲ್ಲಿಯೂ ಅದು ಕ್ಯಾಡ್ಮಿಯಮ್ಮನ್ನು ಹಿಡಿದಿಡುತ್ತದೆ. ಆದರೆ ಕಟ್ಟಿಹಾಕಿದ ಮಾತ್ರಕ್ಕೆ ಲೋಹವು ನಾಶವಾಗದು. ಹತ್ತಾರು ವರ್ಷ ಅಲ್ಲಿಯೇ ಕೂಡುತ್ತ ಹೋಗುತ್ತದೆ. ಜಪಾನಿನ ಜಿನ್‌ಜು ನದಿಯ ಬಯಲಿನಲ್ಲಿ ಗಣಿಯ ಕ್ಯಾಡ್ಮಿಯಂ ಅಕ್ಕಿಯ ಮೂಲಕ ಜನರ ದೇಹವನ್ನು ಸೇರಿ, ಮೂತ್ರಪಿಂಡಗಳನ್ನು ಕೆಡಿಸಿತು. ಮೂಳೆಗಳು ಮೆದುವಾಗಿ ಮುರಿದವು. ಈ ‘ಇತಾಯಿ-ಇತಾಯಿ’ ರೋಗಕ್ಕೆ ಕ್ಯಾಡ್ಮಿಯಮ್ಮೇ ಕಾರಣವೆಂದು ಅಲ್ಲಿನ ಸರಕಾರ 1968ರಲ್ಲಿ ಒಪ್ಪಿತು. ಜೀವಕೋಶದ ಸೆರೆಮನೆಗೂ ಮಿತಿಯಿದೆ. ಲೋಹವಿಷವು ನೀರನ್ನೂ ಅನ್ನವನ್ನೂ ಸೇರದಂತೆ ಕಾಯಬೇಕಾದ ಹೊಣೆ ನಮ್ಮದು.