ಬಲ್ಬು ಹೊತ್ತಿಕೊಂಡಿತು, ಎಲೆಕ್ಟ್ರಾನು ಇನ್ನೂ ದಾರಿಯಲ್ಲೇ ಇದೆ!

ಸ್ವಿಚ್ ಒತ್ತಿದಿರಿ. ದೀಪ ಬಂತು. ಕಣ್ಣು ಮಿಟುಕಿಸುವಷ್ಟೂ ಹೊತ್ತಾಗಲಿಲ್ಲ!

ಸರಿ, ಈಗೊಂದು ಪ್ರಶ್ನೆ. ತಂತಿಯಲ್ಲಿ ಎಲೆಕ್ಟ್ರಾನುಗಳು ಹರಿಯುವುದೇ ವಿದ್ಯುತ್ತು ಎಂದು ನಿಮ್ಮ ಪಾಠದಲ್ಲಿದೆಯಲ್ಲ, ಅವು ಹರಿಯುವ ವೇಗ ಎಷ್ಟು? ರೈಲಿನಷ್ಟೆ? ವಿಮಾನದಷ್ಟೆ? ಬೆಳಕಿನಷ್ಟೆ? ಓದುವುದನ್ನು ಒಂದು ಕ್ಷಣ ನಿಲ್ಲಿಸಿ. ಒಂದು ಉತ್ತರ ಗಟ್ಟಿ ಮಾಡಿಕೊಳ್ಳಿ. ಆಮೇಲೆ ಬದಲಾಯಿಸುವಂತಿಲ್ಲ!

ಮಾಡಿಕೊಂಡಿರಾ? ಹಾಗಾದರೆ ಕೇಳಿ.

ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿ. ಅದರಲ್ಲಿ ಒಂದು ಆಂಪಿಯರ್ ವಿದ್ಯುತ್ತು. ಎಲೆಕ್ಟ್ರಾನು ಮುಂದೆ ಸರಿಯುವ ವೇಗ ಸೆಕೆಂಡಿಗೆ ಸುಮಾರು 0.07 ಮಿಲಿಮೀಟರ್!

ಕಿಲೋಮೀಟರ್ ಅಲ್ಲ. ಮೀಟರ್ ಅಲ್ಲ. ಮಿಲಿಮೀಟರ್! ಅದೂ ಪೂರ್ತಿ ಒಂದಲ್ಲ! ಒಂದೇ ಒಂದು ಮೀಟರ್ ದಾಟಲು ಅದಕ್ಕೆ ಮೂರೂಮುಕ್ಕಾಲು ಗಂಟೆ ಬೇಕು. ಶಾಲೆಯ ಮೊದಲ ಗಂಟೆ ಹೊಡೆದಾಗ ಹೊರಟ ಎಲೆಕ್ಟ್ರಾನು ಮಧ್ಯಾಹ್ನದ ಬಿಸಿಯೂಟದ ಹೊತ್ತಿಗೂ ನಿಮ್ಮ ಮೇಜಿನ ಆ ತುದಿ ಮುಟ್ಟಿರುವುದಿಲ್ಲ!

ಇಷ್ಟು ಸೋಮಾರಿಯೆ? ಛೇ, ಖಂಡಿತ ಅಲ್ಲ! ಅದೇ ಎಲೆಕ್ಟ್ರಾನು ತಾಮ್ರದೊಳಗೆ ಸೆಕೆಂಡಿಗೆ 1,500 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಚಡಪಡಿಸುತ್ತಿರುತ್ತದೆ. ಸ್ವಿಚ್ ಹಾಕುವುದೂ ಬೇಡ. ಅಂಗಡಿಯಲ್ಲಿ ಸುರುಳಿ ಸುತ್ತಿಟ್ಟ ತಂತಿಯಲ್ಲೂ ಈ ಗದ್ದಲ ನಡೆದೇ ಇರುತ್ತದೆ! ಆದರೆ ಅತ್ತ ಹೋದಷ್ಟೇ ಇತ್ತ, ಮೇಲೆ ಹೋದಷ್ಟೇ ಕೆಳಗೆ. ಒಟ್ಟು ಪ್ರಯಾಣ ಸೊನ್ನೆ. ಸೆಲ್ ಜೋಡಿಸಿದಾಗ ಈ ಗದ್ದಲವೆಲ್ಲ ಒಂದು ದಿಕ್ಕಿಗೆ ಒಂಚೂರು ವಾಲುತ್ತದೆ. ಆ ಒಂಚೂರಿನ ಹೆಸರೇ ವಿದ್ಯುತ್ ಪ್ರವಾಹ!

ಅಷ್ಟರಲ್ಲೇ ಬಲ್ಬು ಹೇಗೆ ಉರಿಯುತ್ತದೆ? ಇದಕ್ಕೆ ಒಂದು ಲೆಕ್ಕ ನೋಡಿ, ಮೈ ಜುಂ ಎನ್ನುತ್ತದೆ. ಒಂದು ಆಂಪಿಯರ್ ಎಂದರೆ ಒಂದು ಸೆಕೆಂಡಿನಲ್ಲಿ ತಂತಿಯ ಒಂದು ಜಾಗವನ್ನು ದಾಟುವ ಎಲೆಕ್ಟ್ರಾನುಗಳ ಸಂಖ್ಯೆ ಸುಮಾರು 62 ಸಾವಿರ ಕೋಟಿ ಕೋಟಿ! ಕೋಟಿ ಪದ ಎರಡು ಸಲ ಅಚ್ಚಾಗಿರುವುದು ಮುದ್ರಣದೋಷವಲ್ಲ. ಸಾಸಿವೆಗಿಂತ ಚಿಕ್ಕದಾದ ಒಂದು ಘನ ಮಿಲಿಮೀಟರ್ ತಾಮ್ರದಲ್ಲೇ ಓಡಾಡಬಲ್ಲ ಎಲೆಕ್ಟ್ರಾನುಗಳು ಇದರ ಹತ್ತು ಪಟ್ಟಿಗೂ ಹೆಚ್ಚಿವೆ. ಇಷ್ಟು ದಂಡು ಇರುವಾಗ ಓಡುವ ದರ್ದು ಯಾರಿಗಿದೆ?

ಆದರೂ ಗೋಡೆಯ ಸ್ವಿಚ್ಚಿಗೂ ಚಾವಣಿಯ ದೀಪಕ್ಕೂ ಐದು ಮೀಟರ್ ದೂರ. ಹತ್ತೊಂಬತ್ತು ಗಂಟೆ ಕಾಯಬೇಕಲ್ಲವೆ? ಇಲ್ಲ!

ಸೈಕಲ್ಲಿನ ಚೈನು ನೆನಪಿಸಿಕೊಳ್ಳಿ. ಪೆಡಲ್ ತುಳಿದ ತಕ್ಷಣ ಹಿಂದಿನ ಚಕ್ರ ತಿರುಗುತ್ತದೆ. ಮುಂದಿದ್ದ ಕೊಂಡಿ ಹಿಂದಕ್ಕೆ ಬರಲಿ ಎಂದು ಚಕ್ರ ಕಾಯುವುದಿಲ್ಲ! ಚೈನಿನ ತುಂಬ ಕೊಂಡಿಗಳು ಮೊದಲೇ ಇವೆ. ತಂತಿಯ ತುಂಬ, ಬಲ್ಬಿನೊಳಗೂ ಸಹ, ಎಲೆಕ್ಟ್ರಾನುಗಳು ಮೊದಲೇ ಇವೆ. ಸ್ವಿಚ್ ಒತ್ತಿದಾಗ ಓಡುವುದು ಎಲೆಕ್ಟ್ರಾನಲ್ಲ, ‘ಹೊರಡಿ’ ಎಂಬ ತಳ್ಳು. ಅದರ ವೇಗ ಹೆಚ್ಚುಕಡಿಮೆ ಬೆಳಕಿನ ವೇಗ!

ಚೈನಿನ ಒಂದೇ ಕೊಂಡಿ ಕಳಚಿದರೂ ಇಡೀ ಚೈನು ನಿಲ್ಲುತ್ತದೆ. ಸರ್ಕ್ಯೂಟೂ ಹಾಗೆಯೇ, ಎಲ್ಲಿ ಕಡಿದರೂ ಒಂದೇ! ಸ್ವಿಚ್ಚನ್ನು ಬಲ್ಬಿನ ಈಚೆ ಇಡಿ, ಆಚೆ ಇಡಿ, ಬಲ್ಬು ಆರುವುದು ಖಚಿತ. ಇನ್ನೊಂದು ವಿಷಯ. ಬಲ್ಬು ಒಂದೇ ಒಂದು ಎಲೆಕ್ಟ್ರಾನನ್ನೂ ತಿನ್ನುವುದಿಲ್ಲ! ಸೆಲ್ಲಿನಿಂದ ಹೊರಟಷ್ಟೂ ಸೆಲ್ಲಿಗೇ ವಾಪಸ್. ಸೆಲ್ ಖಾಲಿಯಾಯಿತು ಎನ್ನುತ್ತೇವಲ್ಲ, ಖಾಲಿಯಾದದ್ದು ಎಲೆಕ್ಟ್ರಾನಲ್ಲ, ತಳ್ಳುವ ರಾಸಾಯನಿಕ ಶಕ್ತಿ.

ಈ ತಳ್ಳಿನ ವೇಗ ಅಳೆಯಲು ಒಬ್ಬ ಏನು ಮಾಡಿದ ಗೊತ್ತೆ? 1746, ಪ್ಯಾರಿಸ್. ನೊಲೆ ಎಂಬ ಫ್ರೆಂಚ್ ಪಾದ್ರಿ ಸುಮಾರು 200 ಸನ್ಯಾಸಿಗಳನ್ನು ಸಾಲಾಗಿ ನಿಲ್ಲಿಸಿದ. ಒಬ್ಬರಿಂದೊಬ್ಬರಿಗೆ ಕಬ್ಬಿಣದ ತಂತಿ. ತುದಿಯಲ್ಲಿ ವಿದ್ಯುತ್ತು ತುಂಬಿಟ್ಟ ಲೇಡನ್ ಜಾಡಿ. ಮುಟ್ಟಿಸಿದ! ಆ ಗಂಭೀರ ಸನ್ಯಾಸಿಗಳ ಸಾಲೆಲ್ಲ ಒಂದೇ ಏಟಿಗೆ ಎಗರಿಬಿತ್ತು! ಮೊದಲು ಯಾರು, ಆಮೇಲೆ ಯಾರು? ಹೇಳಲು ಸಾಧ್ಯವೇ ಆಗಲಿಲ್ಲ. (ಸನ್ಯಾಸಿಗಳು ಆಮೇಲೆ ಏನೆಂದರೋ! ಇದನ್ನು ನೀವು ಮಾತ್ರ ಮಾಡಲೇಬೇಡಿ.)

ಈಗ ನಮ್ಮ ನಾಡಿಗೆ ಬನ್ನಿ. 1902ರಲ್ಲಿ ಕಾವೇರಿಯ ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಆಗ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲೊಂದು! ನಮ್ಮ ಮೂರೂಮುಕ್ಕಾಲು ಗಂಟೆಯ ಲೆಕ್ಕದಲ್ಲಿ, ಅಂದು ಶಿವನಸಮುದ್ರ ಬಿಟ್ಟ ಎಲೆಕ್ಟ್ರಾನು ಗಣಿ ಸೇರುವುದು ಯಾವಾಗ? ಊಹಿಸಿ!

1965ರ ಹೊತ್ತಿಗೆ! ಅರವತ್ತಕ್ಕೂ ಹೆಚ್ಚು ವರ್ಷ!

ತಡೆಯಿರಿ, ಅಸಲಿ ಮಜಾ ಈಗ ಬಂತು. ಅದು 1965ರಲ್ಲೂ ಬರಲಿಲ್ಲ. ಎಂದೂ ಬರುವುದಿಲ್ಲ! ಏಕೆಂದರೆ ಅಲ್ಲಿಂದ ಹೊರಟದ್ದು ಪರ್ಯಾಯ ವಿದ್ಯುತ್ತು, ಎಸಿ. ನಿಮ್ಮ ಮನೆಗೆ ಬರುವುದೂ ಅದೇ. ಮನೆಯ ಎಸಿಯಲ್ಲಿ ಎಲೆಕ್ಟ್ರಾನು ಸೆಕೆಂಡಿಗೆ 50 ಸಲ ಮುಂದೆ, 50 ಸಲ ಹಿಂದೆ ತೂಗಾಡುತ್ತದೆ. ನಮ್ಮದೇ ತಂತಿಯಲ್ಲಿ, ನಮ್ಮದೇ ಒಂದು ಆಂಪಿಯರಿಗೆ, ಆ ತೂಗಾಟದ ಅಗಲ ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲೂ ಇಲ್ಲ! ಶರಾವತಿಯ ವಿದ್ಯುತ್ ಕೇಂದ್ರದ ಒಂದು ಎಲೆಕ್ಟ್ರಾನೂ ನಿಮ್ಮ ಮನೆಯ ಫ್ಯಾನು ತಿರುಗಿಸಿಲ್ಲ. ನಡುವೆ ಬರುವ ಟ್ರಾನ್ಸ್‌ಫಾರ್ಮರುಗಳ ಎರಡು ಸುರುಳಿಗಳು ಒಂದಕ್ಕೊಂದು ತಂತಿಯಿಂದ ಜೋಡಿಸಿಯೇ ಇರುವುದಿಲ್ಲ!

ಮತ್ತೆ ಶಕ್ತಿ ಬಂದದ್ದು ಹೇಗೆ? ತಂತಿಯ ಒಳಗಿನಿಂದಲ್ಲ, ತಂತಿಯ ಸುತ್ತಲಿನ ಬಯಲಿನಿಂದ! 1884ರಲ್ಲಿ ಪಾಯಿಂಟಿಂಗ್ ಎಂಬ ಇಂಗ್ಲಿಷ್ ವಿಜ್ಞಾನಿ ಇದನ್ನು ಗಣಿತದಲ್ಲಿ ತೋರಿಸಿಕೊಟ್ಟ. ಸುತ್ತಲಿನ ವಿದ್ಯುತ್ ಕ್ಷೇತ್ರ ಮತ್ತು ಕಾಂತಕ್ಷೇತ್ರಗಳೇ ಶಕ್ತಿಯನ್ನು ಹೊತ್ತು ತರುತ್ತವೆ. ತಂತಿ ಅವಕ್ಕೆ ದಾರಿ ತೋರಿಸುತ್ತದೆ, ಅಷ್ಟೇ. ಇಡೀ ವಿದ್ಯುತ್ತಿನ ಪಾಠದಲ್ಲಿ ನನಗೆ ಇದಕ್ಕಿಂತ ದೊಡ್ಡ ಬೆರಗು ಇನ್ನೊಂದಿಲ್ಲ. ಇದನ್ನು ಕೊನೆಯ ಪುಟಕ್ಕೆ ತಳ್ಳಿ, ಓಮ್‌ನ ನಿಯಮದ ಲೆಕ್ಕಗಳನ್ನೇ ಮಾಡಿಸುತ್ತಾರಲ್ಲ!

ನಂಬಿಕೆ ಬರಲಿಲ್ಲವೆ? ಬರಬೇಕಾಗಿಲ್ಲ. ಮಾಡಿ ನೋಡಿ! ಒಂದು ಟಾರ್ಚ್ ಸೆಲ್, ಒಂದೂವರೆ ವೋಲ್ಟಿನ ಪುಟ್ಟ ಬಲ್ಬು, ಪ್ಲಾಸ್ಟಿಕ್ ಹೊದಿಕೆಯ ತಂತಿ, ಒಂದು ದಿಕ್ಸೂಚಿ. ತಂತಿಯನ್ನು ದಿಕ್ಸೂಚಿಯ ಮೇಲೆ ಉತ್ತರ ದಕ್ಷಿಣವಾಗಿ ಹತ್ತು ಸುತ್ತು ಸುತ್ತಿ. ತಂತಿ, ಬಲ್ಬು, ಸೆಲ್, ಎಲ್ಲವನ್ನೂ ಒಂದೇ ಸುತ್ತಾಗಿ ಜೋಡಿಸಿ. ಬಲ್ಬು ಹೊತ್ತಿತೆ? ಮುಳ್ಳು ನೋಡಿ, ತಿರುಗಿತು! ತಂತಿ ಅದನ್ನು ಮುಟ್ಟಿಲ್ಲ. ಗಾಜಿನಾಚೆಯಿಂದಲೇ ತಿರುಗಿಸಿತು! 1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ಕಂಡದ್ದು ಇದನ್ನೇ. ಈಗ ಸೆಲ್ಲನ್ನು ತಿರುವುಮುರುವು ಮಾಡಿ. ಮುಳ್ಳು ಯಾವ ಕಡೆಗೆ ಹೋದೀತು? ಮೊದಲು ಊಹಿಸಿ, ಆಮೇಲೆ ಜೋಡಿಸಿ!

ಗೋಡೆಯ ಪ್ಲಗ್ಗಿನ ಹತ್ತಿರ ಮಾತ್ರ ಈ ಯಾವ ಆಟವೂ ಬೇಡ. ನಿಮ್ಮ ಸೆಲ್ಲಿನದು ಒಂದೂವರೆ ವೋಲ್ಟ್, ಅಲ್ಲಿರುವುದು 230.