ಮರಿ ಮೊಲದ ಕಿವಿಗೆ ನುಸಿ ಹತ್ತಿದಾಗ

ಸಾಕಿದ ಮರಿ ಮೊಲ ಪದೇಪದೇ ತಲೆ ಒದರುತ್ತ, ಹಿಂಗಾಲಿನಿಂದ ಕಿವಿ ಕೆರೆದುಕೊಳ್ಳತೊಡಗಿದರೆ ಮೊದಲು ಅನುಮಾನಿಸಬೇಕಾದದ್ದು ಕಿವಿ ನುಸಿಯನ್ನು. ಸೊರಾಪ್ಟೀಸ್ ಕ್ಯುನಿಕುಲೈ ಎಂಬುದು ಅದರ ಶಾಸ್ತ್ರೀಯ ಹೆಸರು. ತೆಂಗಿನಕಾಯಿಯ ಸಿಪ್ಪೆ ಕಂದಿಸಿ ಸೊರಗಿಸುವ ನುಸಿಗೆ ಇದು ದೂರದ ನೆಂಟ. ಎರಡೂ ಕೀಟಗಳಲ್ಲ, ಜೇಡ ಮತ್ತು ಉಣ್ಣಿಯ ಬಳಗದವು. ತೆಂಗಿನ ನುಸಿಗೆ ನಾಲ್ಕೇ ಕಾಲು, ಮೊಲದ ನುಸಿಗೆ ಬೆಳೆದ ಮೇಲೆ ಎಂಟು. ಉದ್ದ ಅರ್ಧ ಮಿಲಿಮೀಟರಿನ ಆಸುಪಾಸು. ಕಿವಿಯಿಂದ ತಾನಾಗಿ ಉದುರಿದ ಹಕ್ಕಳೆಯ ಚೂರನ್ನು ಕಪ್ಪು ಬಟ್ಟೆಯ ಮೇಲಿಟ್ಟು ಭೂತಗನ್ನಡಿಯಲ್ಲಿ ನೋಡಿದರೆ ಬಿಳಿ ಚುಕ್ಕೆಗಳು ಹರಿದಾಡುವುದು ಕಾಣುತ್ತದೆ.

ಈ ನುಸಿ ಚರ್ಮವನ್ನು ಕೊರೆದು ಒಳಗೆ ಹೋಗುವುದಿಲ್ಲ. ಮೇಲೆಯೇ ಇದ್ದು ಚರ್ಮವನ್ನು ಗಾಯ ಮಾಡಿ, ಒಸರುವ ರಸವನ್ನು ಹೀರುತ್ತದೆ. ಆ ರಸ, ಸತ್ತ ಚರ್ಮ, ನುಸಿಯ ಹಿಕ್ಕೆ ಎಲ್ಲ ಒಣಗಿ ಪದರಪದರವಾಗಿ ಕಟ್ಟಿಕೊಳ್ಳುತ್ತವೆ. ಮೊದಲ ದಿನಗಳಲ್ಲಿ ಕಿವಿಯ ತಳದಲ್ಲಿ ಒಂದಿಷ್ಟು ಕಂದು ಹೊಟ್ಟು, ಅಷ್ಟೆ. ಬಿಟ್ಟರೆ ಒಣಗಿದ ರಾಗಿ ರೊಟ್ಟಿಯ ಚೂರುಗಳನ್ನು ತುರುಕಿದಂತೆ ಕಿವಿ ತುಂಬಿ, ನಾತ ಹೊಡೆದು, ಭಾರಕ್ಕೆ ಜೋತು ಬೀಳುತ್ತದೆ. ಸೋಂಕು ಒಳಕಿವಿಗೆ ಇಳಿದರೆ ತಲೆ ಒಂದು ಕಡೆಗೆ ವಾಲಿ, ಮರಿ ತೂರಾಡುತ್ತದೆ.

ಹೆಚ್ಚಿನ ಮರಿಗಳಿಗೆ ಇದು ಗೂಡಿನಲ್ಲೇ ತಾಯಿಯಿಂದ ಹತ್ತುತ್ತದೆ. ಮೊಟ್ಟೆ ಬೆಳೆದು ಮತ್ತೆ ಮೊಟ್ಟೆಯಿಡುವ ನುಸಿಯಾಗಲು ಸುಮಾರು ಮೂರು ವಾರ ಸಾಕು. ಮೊಲದ ಮೈ ಬಿಟ್ಟು ಹುಲ್ಲಿನಲ್ಲಿ, ಗೂಡಿನ ಸಂದಿನಲ್ಲಿ ಬಿದ್ದ ನುಸಿಯೂ ತಂಪು, ತೇವ ಸಿಕ್ಕರೆ ಹೆಚ್ಚುಕಡಿಮೆ ಅಷ್ಟೇ ದಿನ ಬದುಕುತ್ತದೆ. ತಾಳವಾಡಿಯಂಥ ಬೆಟ್ಟದ ಊರುಗಳ ಮಳೆಗಾಲಕ್ಕೆ ಎರಡರ ಕೊರತೆಯೂ ಇಲ್ಲ.

ಹಕ್ಕಳೆ ಕಂಡೊಡನೆ ಕಡ್ಡಿಗೆ ಹತ್ತಿ ಸುತ್ತಿ ಕೀಳಲು ಕೈ ಹೋಗುತ್ತದೆ. ಅದನ್ನು ಮಾಡಲೇಬಾರದು. ಹಕ್ಕಳೆಯ ಕೆಳಗಿರುವುದು ಹಸಿ ಮಾಂಸ. ಕಿತ್ತರೆ ರಕ್ತ ಬರುತ್ತದೆ, ನೋವಿಗೆ ಮರಿ ಮೇವು ಬಿಡುತ್ತದೆ. ಅರ್ಧ ದಿನ ಮೇವು ಮುಟ್ಟದ ಮೊಲದ ಕರುಳು ನಿಂತುಹೋಗುವ ಭಯವಿದೆ, ಅದು ನುಸಿಗಿಂತ ಬೇಗ ಕೊಲ್ಲುತ್ತದೆ. ನುಸಿ ಸತ್ತರೆ ಹಕ್ಕಳೆ ಒಂದೆರಡು ವಾರದಲ್ಲಿ ತಾನಾಗಿ ಉದುರುತ್ತದೆ. ಸೀಮೆಎಣ್ಣೆಯಂಥ ಮದ್ದಂತೂ ಬೇಡವೇ ಬೇಡ.

ಕೆಲಸ ಮಾಡುವ ಔಷಧ ಐವರ್ಮೆಕ್ಟಿನ್. ಜಪಾನಿನ ಮಣ್ಣಿನಿಂದ ಸತೋಶಿ ಒಮುರಾ ಬೇರ್ಪಡಿಸಿದ ಸೂಕ್ಷ್ಮಾಣುವೊಂದು ಅದರ ಮೂಲ. ಆ ಶೋಧಕ್ಕಾಗಿ ಅವರಿಗೂ ವಿಲಿಯಂ ಕ್ಯಾಂಬೆಲ್ ಅವರಿಗೂ 2015ರಲ್ಲಿ ನೊಬೆಲ್ ಬಂತು. ದನ ಸಾಕುವ ಊರುಗಳಲ್ಲಿ ಉಣ್ಣಿಗೆ, ಹುಳಕ್ಕೆ ಕೊಡುವ ಇದೇ ಔಷಧ ಸುಲಭವಾಗಿ ಸಿಗುತ್ತದೆ. ಅಪಾಯವೂ ಅಲ್ಲೇ. ದನದ ಶೇಕಡಾ 1ರ ಇಂಜೆಕ್ಷನ್ನಿನ ಒಂದು ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ ಔಷಧವಿರುತ್ತದೆ. ಮೊಲಕ್ಕೆ ಬೇಕಾದ್ದು ಕಿಲೋ ತೂಕಕ್ಕೆ ಸಾಮಾನ್ಯವಾಗಿ 0.2ರಿಂದ 0.4 ಮಿಲಿಗ್ರಾಂ. ಅರ್ಧ ಕಿಲೋ ಮರಿಗೆ ಹೆಚ್ಚೆಂದರೆ 0.02 ಮಿಲಿಲೀಟರ್, ಅಂದರೆ ಒಂದು ಹನಿಯ ಅರ್ಧವೂ ಅಲ್ಲ. ಇದನ್ನು ಕಣ್ಣಳತೆಯಲ್ಲಿ ಹಾಕಲಾಗದು. ಮರಿಯನ್ನು ತೂಗಿ, ಔಷಧವನ್ನು ತಕ್ಕಷ್ಟು ತೆಳುಮಾಡಿ, ಚರ್ಮದಡಿ ಚುಚ್ಚುವುದು ಪಶುವೈದ್ಯರ ಕೆಲಸ. ಹೆಗಲಿನ ನಡುವೆ ಚರ್ಮದ ಮೇಲೆ ಬಿಡುವ ಸೆಲಮೆಕ್ಟಿನ್ ಇನ್ನೊಂದು ದಾರಿ. ನಾಯಿಯ ಉಣ್ಣಿಗೆ ಬಳಸುವ ಫಿಪ್ರೊನಿಲ್ ಮಾತ್ರ ಮೊಲಕ್ಕೆ ವಿಷ, ಎಳೆಯ ಮರಿ ಸತ್ತೇ ಹೋಗಬಹುದು.

ಒಂದು ಮೊಲಕ್ಕೆ ನುಸಿಯಿದ್ದರೆ ಜೊತೆಗಿರುವ ಎಲ್ಲಕ್ಕೂ ಔಷಧ ಆಗಬೇಕು, ಕೆರೆದುಕೊಳ್ಳದಿದ್ದರೂ. ಹಾಸಿದ ಹುಲ್ಲನ್ನು ಸುಟ್ಟು, ಗೂಡನ್ನು ಕುದಿನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಬೇಕು. ಮರದ ಗೂಡಾದರೆ ಸಂದುಗಳಲ್ಲಿ ಉಳಿಯುವ ನುಸಿಗೆ ಅದನ್ನು ಮೂರು ವಾರಕ್ಕೂ ಮೀರಿ ಖಾಲಿ ಬಿಡುವುದೇ ಸುಲಭದ ಉಪಾಯ.

ಮನೆಯ ಮಕ್ಕಳಿಗೆ ಕಿವಿ ನುಸಿ ಹತ್ತುವುದಿಲ್ಲ. ಆದರೆ ಮೊಲದ ಮೂಗು, ತುಟಿ, ಉಗುರಿನ ಬುಡದಲ್ಲಿ ಬೂದು ಹಕ್ಕಳೆ ಕಟ್ಟಿದ್ದರೆ ಅದು ಚರ್ಮ ಕೊರೆಯುವ ಬೇರೆ ನುಸಿಯ ಕಜ್ಜಿ. ಎತ್ತಿ ಆಡಿಸುವವರ ಕೈಗೂ ತುರಿಕೆ ತರುತ್ತದೆ.

ಮೊದಲ ಸೂಜಿಯ ಬಳಿಕ ಮರಿ ಕೆಲವೇ ದಿನಗಳಲ್ಲಿ ಹಗುರಾಗುತ್ತದೆ, ಕಿವಿ ನಿಮಿರುತ್ತದೆ. ಬಹಳ ಮಂದಿ ಅಲ್ಲಿಗೇ ಬಿಡುತ್ತಾರೆ. ಔಷಧ ಮೊಟ್ಟೆಗಳನ್ನು ಕೊಲ್ಲುವುದಿಲ್ಲ; 10ರಿಂದ 14 ದಿನಕ್ಕೊಮ್ಮೆ ಎರಡು ಅಥವಾ ಮೂರು ಸಲ ಕೊಡಿಸುವುದು ಆಮೇಲೆ ಒಡೆದು ಬರುವ ಮರಿ ನುಸಿಗಳಿಗಾಗಿ. ಕಿವಿ ಶುಭ್ರವಾಗಿ ಕಂಡರೂ ಕೊನೆಯ ಸೂಜಿ ತಪ್ಪಿಸಬೇಡಿ.