ಗ್ರಾಮ ಸುರಕ್ಷತೆ: ಜನರ ಪಾತ್ರ ಹಾಗೂ ಅನುದಾನ

ಬೀದರ್ ಜಿಲ್ಲೆ ಬಸವಕಲ್ಯಾಣ ತಾಲ್ಲೂಕಿನ ಮುಡಬಿಯಂತಹ ಗ್ರಾಮಗಳಲ್ಲಿ ಕಾವಲು ಹಾಗೂ ಗಸ್ತಿಗೆ ಗ್ರಾಮಸ್ಥರೂ ನೆರವಾಗಲು ಕರ್ನಾಟಕ ಗ್ರಾಮ ರಕ್ಷಣಾ ದಳಗಳ ಅಧಿನಿಯಮ, 1964 ಅವಕಾಶ ಕಲ್ಪಿಸಿದೆ. ಆದರೆ ಕತ್ತಲ ಓಣಿಯಲ್ಲಿ ಗಸ್ತಿಯೊಂದೇ ಸಾಲದು, ಬೀದಿದೀಪವೂ ಅಗತ್ಯ. ದೀಪ ಎಲ್ಲಿರಬೇಕೆಂದು ಸೂಚಿಸುವ ಅಧಿಕಾರವನ್ನು 1993ರ ಪಂಚಾಯತ್ ರಾಜ್ ಅಧಿನಿಯಮವು ವಾರ್ಡ್ ಸಭೆಗೆ ನೀಡಿದೆ. ಈ ಸಭೆಯು 6 ತಿಂಗಳಿಗೊಮ್ಮೆಯಾದರೂ ಸೇರತಕ್ಕದ್ದು.

15ನೇ ಹಣಕಾಸು ಆಯೋಗವು 2021-26ರ ಅವಧಿಗೆ ಗ್ರಾಮೀಣ ಸ್ಥಳೀಯ ಸಂಸ್ಥೆಗಳ ಅನುದಾನದಲ್ಲಿ ಶೇ. 60 ಭಾಗವನ್ನು ಕುಡಿಯುವ ನೀರು ಹಾಗೂ ನೈರ್ಮಲ್ಯಕ್ಕೆ ಮೀಸಲಿರಿಸಿ, ಉಳಿದ ಶೇ. 40 ಭಾಗವನ್ನು ವೇತನ, ಆಡಳಿತ ವೆಚ್ಚ ಹೊರತುಪಡಿಸಿ ಸ್ಥಳೀಯ ಅಗತ್ಯಗಳಿಗೆ ಬಿಟ್ಟಿತ್ತು.

ಬೇಡಿಕೆಯು ಸಭಾ ನಡಾವಳಿಯಲ್ಲಿ ದಾಖಲಾಗದಿದ್ದರೆ ಕ್ರಿಯಾಯೋಜನೆಗೆ ಸೇರುವುದು ಕಷ್ಟ. ಆದ್ದರಿಂದ ಗ್ರಾಮಸ್ಥರು, ವಿಶೇಷವಾಗಿ ಮಹಿಳೆಯರು, ಸಭೆಗೆ ಹಾಜರಾಗಿ ಕತ್ತಲಿರುವ ಸ್ಥಳಗಳನ್ನು ತಿಳಿಸುವುದು ಅವಶ್ಯ. ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡಬಹುದು.